ದ್ರವಸ್ಫಟಿಕದ ಚಂದ್ರಶೇಖರರು

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ನಮ್ಮ ತಂದೆಯವರಿಗೆ ಟಿ.ವಿ. ಮತ್ತು ಮಾನಿಟರ್ ರಿಪೇರಿಯ ಸಣ್ಣ ಅಂಗಡಿಯಿತ್ತು. ಗಾಜಿನ ಪಿಕ್ಚರ್ ಟ್ಯೂಬುಗಳ ಕಾಲದಲ್ಲಿ ಅದರಿಂದಲೇ ನಮ್ಮ ಸಂಸಾರ ಸಾಗಿತು. ತೆಳುಪರದೆಗಳು ಬಂದುವು, ನಾನು ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಅಂಗಡಿಗೆ ಬೀಗ ಬಿತ್ತು. ಆ ಪರದೆಯೊಳಗಿನ ವಸ್ತುವನ್ನು ಕುರಿತು ಲೋಕವೇ ಮೆಚ್ಚುವಂತೆ ಸಂಶೋಧನೆ ನಡೆಸಿದವರೊಬ್ಬರು ನಮ್ಮ ಊರಿನಲ್ಲೇ, ಮಲ್ಲೇಶ್ವರಕ್ಕೆ ಸಮೀಪದಲ್ಲೇ, ದುಡಿದರೆಂಬುದು ನನಗೆ ತಿಳಿದದ್ದು ಈಚೆಗೆ. ಬಿ.ಎ. ವಿದ್ಯಾರ್ಥಿಯಾದ ನನ್ನ ಬರಹದಲ್ಲಿ ತಪ್ಪು ಕಂಡರೆ ವಿಜ್ಞಾನದ ಅಧ್ಯಾಪಕ ಮಹನೀಯರು ತಿದ್ದಬೇಕು.

ಶಿವರಾಮಕೃಷ್ಣ ಚಂದ್ರಶೇಖರರು 1930ರ ಆಗಸ್ಟ್ 6ರಂದು ಕಲ್ಕತ್ತೆಯಲ್ಲಿ ಜನಿಸಿದರು. ಸರ್ ಸಿ. ವಿ. ರಾಮನ್ನರಿಗೆ ಸೋದರಳಿಯ. 1983ರಲ್ಲಿ ನೊಬೆಲ್ ಪಡೆದ ಚಂದ್ರಶೇಖರರು ಬೇರೆ. ಅವರು ರಾಮನ್ನರ ಅಣ್ಣನ ಮಗ. ಮೊದಲು ನಾನೂ ಇಬ್ಬರನ್ನು ಒಬ್ಬರೆಂದೇ ತಿಳಿದಿದ್ದೆ. ನಮ್ಮ ಚಂದ್ರಶೇಖರರು ನಾಗಪುರದಲ್ಲಿ ಓದಿ, ಬೆಂಗಳೂರಿನಲ್ಲಿ ರಾಮನ್ನರ ಬಳಿ ಸಂಶೋಧನೆ ಮಾಡಿ, ಕೇಂಬ್ರಿಡ್ಜಿಗೂ ಹೋಗಿಬಂದು, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ದ್ರವಸ್ಫಟಿಕಗಳ ಗೀಳು ಹತ್ತಿದ್ದು ಅಲ್ಲಿಯೇ. 1971ರಲ್ಲಿ ರಾಮನ್ ಸಂಶೋಧನ ಸಂಸ್ಥೆಗೆ ಬಂದು ಅದಕ್ಕೆಂದೇ ಪ್ರಯೋಗಶಾಲೆಯೊಂದನ್ನು ಕಟ್ಟಿದರು.

ದ್ರವಸ್ಫಟಿಕವೆಂದರೆ ನೀರಿನಂತೆ ಹರಿದರೂ ಹರಳಿನಂತೆ ತನ್ನ ಅಣುಗಳನ್ನು ಒಂದು ದಿಕ್ಕಿಗೆ ಸಾಲುಗೂಡಿಸಿಕೊಳ್ಳುವ ವಸ್ತು. ಹಳೆಯ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳು ಹಿಂದಿನಿಂದ ಧಾವಿಸಿ ಬಂದು ಗಾಜಿನ ಒಳಲೇಪಕ್ಕೆ ಬಡಿದು ಅದನ್ನೇ ಬೆಳಗಿಸುತ್ತಿದ್ದುವು. ಅದಕ್ಕೆ ಸಾವಿರಾರು ವೋಲ್ಟು ಬೇಕು. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಕರೆಂಟು ಉಳಿದಿರುತ್ತದೆಂದು ಅಪ್ಪ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ, ಹಿಂದೆ ದೀಪವಿರಬೇಕು. ಬೆಳಕನ್ನು ಸೋಸುವ ಎರಡು ಹಾಳೆಗಳ ನಡುವೆ ಕೂತ ಅಣುಗಳು, ಅಲ್ಪ ವಿದ್ಯುತ್ತು ತಾಕಿದೊಡನೆ ಹೊರಳಿ, ಆ ಬೆಳಕನ್ನು ಬಿಡುತ್ತವೆ ಇಲ್ಲವೆ ತಡೆಯುತ್ತವೆ.

ಇಂಥ ಅಣುಗಳೆಲ್ಲ ಕಡ್ಡಿಯಾಕಾರದವೇ ಆಗಿರಬೇಕೆಂದು ಬಹುಕಾಲದ ನಂಬಿಕೆ. 1977ರಲ್ಲಿ ಚಂದ್ರಶೇಖರರು, ಸದಾಶಿವ ಮತ್ತು ಸುರೇಶ್ ಎಂಬ ಸಹೋದ್ಯೋಗಿಗಳೊಡನೆ, ಬಿಲ್ಲೆಯಾಕಾರದ ಅಣುಗಳೂ ಕಾಸು ಪೇರಿಸಿದಂತೆ ಕಂಬಗಟ್ಟಿ ದ್ರವಸ್ಫಟಿಕವಾಗುವುವೆಂದು ತೋರಿಸಿಕೊಟ್ಟರು. ಈ ಸಂಗತಿ ಪ್ರಕಟವಾದದ್ದು ವಿಲಾಯತಿಯ ಪತ್ರಿಕೆಯಲ್ಲಲ್ಲ, ಬೆಂಗಳೂರಿನ ‘ಪ್ರಮಾಣ’ದಲ್ಲಿ!

ಆಗ ಅದರಿಂದ ಪರದೆಗೇನೂ ಪ್ರಯೋಜನವಿರಲಿಲ್ಲ. ಮೊದಮೊದಲ ತೆಳುಪರದೆಗಳನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು. ಟ್ಯೂಬಿಗೆ ಆ ದೋಷವಿಲ್ಲ. ಅಪ್ಪ ಗಿರಾಕಿಗಳಿಗೆ ಅದನ್ನೇ ಒತ್ತಿ ಹೇಳುತ್ತಿದ್ದರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿಯವರು ಬಿಲ್ಲೆಯಣುಗಳನ್ನು ಲೇಪಿಸಿದ ತೆಳುಹಾಳೆಯಿಂದ ಆ ದೋಷವನ್ನು ಬಹುಮಟ್ಟಿಗೆ ನೀಗಿದರು. ಅಪ್ಪನ ವಾದ ಅಲ್ಲಿಗೆ ಮುಗಿಯಿತು.

ಚಂದ್ರಶೇಖರರು 1983ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. 1998ರಲ್ಲಿ ಪದ್ಮಭೂಷಣ ಬಂದಿತು. 2004ರ ಮಾರ್ಚ್ 8ರಂದು ಅವರು ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ.

ಈ ಲೇಖನವನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟದ ಮೇಲಿಂದ ಒಡೆದ ಮಾನಿಟರ್ ಒಂದನ್ನು ಇಳಿಸಿ, ಅದರ ಹಾಳೆಯನ್ನು ಸುಲಿದು ದೀಪಕ್ಕೆ ಹಿಡಿದು ಓರೆಮಾಡಿ ನೋಡಿದರು. ಬಿಲ್ಲೆಗಳು ಯಾವ ಮಗ್ಗುಲಿಗಿರುತ್ತವೆಂದು ನನ್ನನ್ನು ಕೇಳಿದರು.