ಎಚ್ಚರವಾಗಿದ್ದ ದಾಸಿ: ಪಂಡಿತಾ ರಮಾಬಾಯಿಯ ಚರಿತ್ರೆ



ನಮ್ಮ ಕರ್ತನು ತಾನು ತಿರುಗಿ ಬರುವ ದಿನವನ್ನು ಕುರಿತು ಶಿಷ್ಯರಿಗೆ ಬೋಧಿಸಿದಾಗ ಒಬ್ಬ ಆಳಿನ ಸಾಮ್ಯವನ್ನು ಹೇಳಿದನೆಂಬದು ನಿಮಗೆ ತಿಳಿದೇ ಇದೆ. ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ಯಜಮಾನನು ದೂರ ಹೋಗಿದ್ದಾನೆ. ಯಾವ ಗಳಿಗೆಯಲ್ಲಿ ಬರುವನೋ ಮನೆಯಲ್ಲಿ ಯಾರಿಗೂ ತಿಳಿಯದು. ಆ ಆಳಿಗೆ ಒಪ್ಪಿಸಿದ ಕೆಲಸವಾದರೋ ಮನೆಯವರಿಗೆ ಹೊತ್ತುಹೊತ್ತಿಗೆ ಉಣಬಡಿಸುವದು. ಯಜಮಾನನು ಬಂದು ನೋಡುವಾಗ ಅವನ ಕೈಯಲ್ಲಿ ಸೌಟು ಇರಬೇಕು, ಅಷ್ಟೇ.

ಬೆಳಗಾವಿ ಪಟ್ಟಣದ ಸಭೆಗಳಲ್ಲಿಯೂ ಖಾನಾಪುರದ ಕಡೆಯ ಹಳ್ಳಿಗಳಲ್ಲಿಯೂ ಕರ್ತನ ಬರೋಣದ ಮಾತು ಆಗಾಗ್ಗೆ ಏಳುತ್ತದೆ. ಯುದ್ಧದ ಸುದ್ದಿಯೋ ಭೂಕಂಪದ ಸುದ್ದಿಯೋ ಬಂದಾಗಲೆಲ್ಲಾ ಕೆಲವರು ವರುಷಗಳ ಲೆಕ್ಕ ಹಾಕುತ್ತಾರೆ. ಕೆಲವರು ಆ ಲೆಕ್ಕವನ್ನು ಕಂಡು ನಗುತ್ತಾರೆ. ಆದರೆ ಪ್ರಾರ್ಥನಾಮಂದಿರವನ್ನು ಗುಡಿಸುವ ಸರದಿ ಬಂದಾಗ ಈ ಎರಡು ಪಂಗಡದವರೂ ಒಂದೇ ಮನಸ್ಸುಳ್ಳವರಾಗಿ ಹಿಂದೆ ಸರಿಯುವದನ್ನು ನಾವು ಕಂಡಿದ್ದೇವೆ. ಆದಕಾರಣ ವಾದವನ್ನು ಬದಿಗಿಟ್ಟು, ನಮ್ಮ ಕನ್ನಡ ಸೀಮೆಯಲ್ಲಿಯೇ ಹುಟ್ಟಿದ ಒಬ್ಬ ಸಹೋದರಿಯ ಬಾಳನ್ನು ಈ ತಿಂಗಳು ನಿಮ್ಮ ಮುಂದಿಡಬೇಕೆಂದು ಮನಸ್ಸಾಯಿತು.

ರಮಾಬಾಯಿಯ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳ ಗ್ರಾಮದವರು. ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ಘನ ಪಂಡಿತರು. ಯೌವನದಲ್ಲಿ ಪೇಶ್ವೆಯ ಅರಮನೆಯಲ್ಲಿ ಒಬ್ಬ ರಾಜಸ್ತ್ರೀಯು ಸಂಸ್ಕೃತವನ್ನು ಓದುವದನ್ನು ಕೇಳಿದಂದಿನಿಂದ ತಮ್ಮ ಹೆಂಡತಿಗೂ ಅದನ್ನು ಕಲಿಸಬೇಕೆಂಬ ಆಸೆ ಅವರಲ್ಲಿ ಬೇರೂರಿತು. ಹೆಂಗಸಿಗೆ ಶಾಸ್ತ್ರಭಾಷೆಯನ್ನು ಕಲಿಸುವದು ಸಲ್ಲದೆಂದು ಪಂಡಿತರು ತಕರಾರು ಎತ್ತಿದಾಗ ಅವರು ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ತಮ್ಮ ನಡತೆಯನ್ನು ಸಮರ್ಥಿಸಿಕೊಂಡರು. ಪಶ್ಚಿಮಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಅವರು ಮನೆ ಕಟ್ಟಿಕೊಂಡಿದ್ದಾಗ, 1858ನೇ ಏಪ್ರಿಲ್ 23ರಂದು ರಮಾ ಹುಟ್ಟಿದಳು. ನಮ್ಮ ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟುವ ಹಾಗೆ ತುಂಗೆಯೂ ಭದ್ರೆಯೂ ಆ ಕಾಡಿನಲ್ಲಿ ಹುಟ್ಟುತ್ತವೆ. ಅತಿಥಿಸತ್ಕಾರದಿಂದ ಸಾಲವೇರಿ ಆ ಮನೆ ಉಳಿಯಲಿಲ್ಲ. ಆರು ತಿಂಗಳ ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊರಿಸಿಕೊಂಡು ಆ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡೆಯಾಗಿ ಹೋಗುವದು, ಗುಡಿಯ ಮುಂದೆ ಕುಳಿತು ಪುರಾಣವನ್ನು ಓದುವದು, ಕೇಳಿದವರು ಕೊಟ್ಟದ್ದರಿಂದ ಜೀವಿಸುವದು, ಇದೇ ಅವರ ಬದುಕಾಯಿತು. ತಾಯಿ ಲಕ್ಷ್ಮೀಬಾಯಿಯು ಮಗಳಿಗೆ ದಾರಿಯಲ್ಲಿಯೇ ಪಾಠ ಹೇಳಿದಳು. ಹುಡುಗಿಯು ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಸುತ್ತಾಟದಲ್ಲಿ ಮರಾಠಿ, ಕನ್ನಡ, ಹಿಂದುಸ್ತಾನಿ, ಬಂಗಾಳಿ ಭಾಷೆಗಳೂ ಆಕೆಗೆ ಬಂದವು.

ಆಮೇಲೆ ಬರಗಾಲ ಬಂತು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು, ಯಾಕಂದರೆ ಮುಂದಿನದಕ್ಕೆಲ್ಲಾ ಬೀಜವು ಇಲ್ಲಿಯೇ ಬಿತ್ತಲ್ಪಟ್ಟಿತು.

ಹಣ ತೀರಿತು, ಪಾತ್ರೆಪಡಗಗಳು ಮಾರಿಹೋದವು. ಬಲಿಷ್ಠರಾದ ಮಗನೂ ಹೆಣ್ಣುಮಕ್ಕಳೂ ಇದ್ದರು. ಕೂಲಿ ಮಾಡಿದ್ದರೆ ಒಂದು ಹೊತ್ತಿನ ಅಂಬಲಿಯಾದರೂ ದೊರೆಯುತ್ತಿತ್ತೋ ಏನೋ. ಆದರೆ ಕುಲದ ಹೆಮ್ಮೆಯೂ ವಿದ್ಯೆಯ ಹೆಮ್ಮೆಯೂ ಅವರನ್ನು ಬಗ್ಗಗೊಡಲಿಲ್ಲ. ಮಂಕರಿ ಹೊರುವದು ಶಾಸ್ತ್ರಿಗಳ ಮಕ್ಕಳಿಗೆ ತಕ್ಕದ್ದಲ್ಲವೆಂದು ಅವರು ದೇವತೆಗಳ ಮುಂದೆ ಉಪವಾಸವಿದ್ದು ಜಪ ಮಾಡುತ್ತಾ ಕುಳಿತರು. ಕಡೆಗೆ ಕಾಡನ್ನು ಹೊಕ್ಕು 11 ಹಗಲು 11 ರಾತ್ರಿ ನೀರನ್ನು ಕುಡಿದು, ಎಲೆಗಳನ್ನೂ ಒಂದಿಷ್ಟು ಕಾಡು ಈಚಲ ಹಣ್ಣನ್ನೂ ತಿಂದು ಜೀವ ಹಿಡಿದರು. ಮುದುಕನಾದ ತಂದೆಯು ಪವಿತ್ರ ಕೊಳದಲ್ಲಿ ಮುಳುಗಿ ಪ್ರಾಣ ಬಿಡುವದಕ್ಕೆ ಸಿದ್ಧನಾದಾಗ ಮಗ ಶ್ರೀನಿವಾಸನು ತಾನು ಕೂಲಿಗೆ ಹೋಗುವೆನೆಂದು ಹೇಳಿ ಆತನನ್ನು ತಡೆದನು. ಆ ಮಾತು ಬಹು ತಡವಾಗಿ ಬಂತು. 1874ರಲ್ಲಿ ತಂದೆಯು ತೀರಿಹೋದನು. ಹೆಚ್ಚು ದಿವಸ ಕಳೆಯುವದರೊಳಗೆ ತಾಯಿಯೂ, ತರುವಾಯ ಅಕ್ಕನೂ ತೀರಿಹೋದರು. ತಾಯಿಯ ಶವವನ್ನು ಹೊರುವದಕ್ಕೆ ಸಾಕಷ್ಟು ಜನ ಸಿಕ್ಕದೆ ರಮಾಳೇ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಎತ್ತರದಲ್ಲಿ ಗಿಡ್ಡಳಾದ್ದರಿಂದ ಹೆಗಲು ಸಾಲದೆ ಆಕೆಯು ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತುಕೊಂಡು ಸ್ಮಶಾನಕ್ಕೆ ನಡೆದಳು.

ತಗ್ಗಲಾರದೆ ಹೋದದ್ದರಿಂದಲೇ ತಂದೆತಾಯಿಗಳ ಅಮೂಲ್ಯ ಪ್ರಾಣವು ಹೋಯಿತೆಂದು ಆಕೆಯು ಬಹು ವರುಷಗಳ ಮೇಲೆ ತನ್ನ ಸಾಕ್ಷಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ಸ್ವಂತ ಮನೆಯ ಹೆಮ್ಮೆಯ ಬೆಲೆಯನ್ನು ಇಷ್ಟು ನಿಷ್ಠುರವಾಗಿ ಎಣಿಸಿದವರು ಎಷ್ಟು ಮಂದಿ ಇದ್ದಾರು?

ಅಣ್ಣತಂಗಿಯರು ಇನ್ನೂ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಯ ಸಂಸ್ಕೃತವನ್ನು ಕೇಳಿ ಬೆರಗಾಗಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. ಉಪವಾಸದಿಂದ ಒಣಗಿದ್ದವಳು ಒಂದೇ ದಿನದಲ್ಲಿ ಹೆಸರುವಾಸಿಯಾದಳು. 1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಬಿಪಿನ್ ಬಿಹಾರಿ ಎಂಬ ಬಂಗಾಳದ ವಕೀಲನನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದಳು. 1882ರಲ್ಲಿ ಆತನೂ ಕಾಲರಾದಿಂದ ಸತ್ತನು. ಇಪ್ಪತ್ತನಾಲ್ಕು ವರುಷ ತುಂಬುವದರೊಳಗೆ ಆಕೆಯು ಮನೋರಮಾ ಎಂಬ ಹಸುಗೂಸನ್ನು ಎತ್ತಿಕೊಂಡ ವಿಧವೆಯಾದಳು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಆಕೆಗೆ ಸಿಕ್ಕಿತ್ತು.

ಪುಣೆಗೆ ಬಂದು, ಅಲ್ಲಿಂದ 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಆಕೆಯು ಇಳಿದುಕೊಂಡಳು. ಆ ಸಹೋದರಿಯರು ಲಂಡನ್ನಿನ ಫುಲಮ್ ಎಂಬಲ್ಲಿ ದಾರಿತಪ್ಪಿದ ಸ್ತ್ರೀಯರಿಗೋಸ್ಕರ ಒಂದು ಮನೆಯನ್ನು ನಡಿಸುತ್ತಿದ್ದರು. ಯಾರನ್ನು ಮುಟ್ಟುವದೂ ಹೊಲೆಯೆಂದು ರಮಾಬಾಯಿಯು ಬಾಲ್ಯದಿಂದ ಕಲಿತಿದ್ದಳೋ ಅಂಥವರನ್ನು ಕುಲೀನ ಸ್ತ್ರೀಯರು ಪ್ರೀತಿಯಿಂದ ಉಪಚರಿಸುವದನ್ನು ಅಲ್ಲಿ ಕಂಡಳು. ಇದಕ್ಕೆ ಕಾರಣವೇನೆಂದು ಕೇಳಿದಾಗ ಸಮಾರ್ಯದ ಬಾವಿಯ ಬಳಿ ಕರ್ತನು ಒಬ್ಬ ಹೆಂಗಸಿನ ಸಂಗಡ ಮಾತಾಡಿದ ಕಥೆಯನ್ನು ಆಕೆಗೆ ತಿಳಿಸಿದರು. ಶಾಸ್ತ್ರಗಳನ್ನೆಲ್ಲಾ ಬಲ್ಲವಳಿಗೆ ಇದು ಹೊಸದು. ಆ ವರುಷದ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಅಮೆರಿಕೆಯಲ್ಲಿ ಸಹಾಯವನ್ನು ಕೂಡಿಸಿಕೊಂಡು 1889ನೇ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಳು; ಮರುವರುಷ ಅದು ಪುಣೆಗೆ ಬಂತು. ದೀಕ್ಷಾಸ್ನಾನವಾಗಿ ಎಂಟು ವರುಷಗಳಾದ ಮೇಲೆ, ತಾನು ಕ್ರೈಸ್ತ ಮತವನ್ನು ಹಿಡಿದುಕೊಂಡೆನೇ ಹೊರತು ಕ್ರಿಸ್ತನನ್ನು ಇನ್ನೂ ಹಿಡಿಯಲಿಲ್ಲವೆಂಬ ಅರಿವು ಆಕೆಗೆ ಉಂಟಾಯಿತು. 1893ರಲ್ಲಿ ಮತಾಂತರದ ಅಪವಾದವೆದ್ದು ಹಲವರು ತಮ್ಮ ಹೆಣ್ಣುಮಕ್ಕಳನ್ನು ಸದನದಿಂದ ಬಿಡಿಸಿಕೊಂಡು ಹೋದರು. ಹೊಗಳಿದ್ದ ನಗರವೇ ತೆಗಳಿತು.

1896ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಮಹಾಕ್ಷಾಮ ಬಿದ್ದ ಸುದ್ದಿ ಬಂದಾಗ ಆಕೆಯು ತಾನೇ ಹೊರಟಳು. ಮರದಡಿಯಲ್ಲಿ ಎಲುಬಿನ ಗೂಡಾಗಿ ಕುಳಿತಿದ್ದ ಹುಡುಗಿಯರಲ್ಲಿ ಆಕೆಯು ಯಾರನ್ನು ಕಂಡಳೆಂದು ನಾವು ಹೇಳಬೇಕಾಗಿಲ್ಲ. ಆ ಕ್ಷಾಮದಿಂದ ಸುಮಾರು 300 ಮಂದಿಯನ್ನು ಕರೆತಂದಳು. ಪುಣೆಯಲ್ಲಿ ಪ್ಲೇಗು ಇದ್ದದ್ದರಿಂದ ಅವರನ್ನು ಪಟ್ಟಣದಲ್ಲಿ ಇಡುವದಕ್ಕೆ ಸರಕಾರದ ಅಪ್ಪಣೆ ಆಗಲಿಲ್ಲ. ಕೇಡಗಾವದಲ್ಲಿ ಕೊಂಡಿದ್ದ ಸುಮಾರು 100 ಎಕರೆ ಬಯಲು ಭೂಮಿಗೆ ಒಯ್ದಳು. ಖಾನಾಪುರ, ಬೆಳಗಾವಿಗಳ ಮೇಲೆ ಪುಣೆಗೆ ರೈಲಿನಲ್ಲಿ ಹೋಗುವ ನಮ್ಮವರು ಅಲ್ಲಿಂದ ದೌಂಡಿನ ಕಡೆಗೆ ಸಾಗಿದರೆ ಆ ಸ್ಟೇಷನ್ನು ಸಿಕ್ಕುತ್ತದೆ. ಅದೇ ಮುಕ್ತಿ. 1900ರಲ್ಲಿ ಗುಜರಾತಿನ ಕಡೆ ಕ್ಷಾಮವಾದ ಮೇಲೆ ಅಲ್ಲಿದ್ದವರ ಸಂಖ್ಯೆ 2000ಕ್ಕೆ ಸಮೀಪವಾಯಿತು.

ಅಲ್ಲಿ ಎಲ್ಲಾ ಹುಡುಗಿಯರೂ ಓದು ಕಲಿತರು, ಜೊತೆಗೆ ಕೈಕೆಲಸವನ್ನೂ ಕಲಿತರು. ಹೊಲ, ಮಗ್ಗ, ಎಣ್ಣೆಯ ಗಾಣ, ಹಾಲಿನ ದನಗಳು, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡಿಸಿದರು. ಕುರುಡರಿಗೆ ಬೇರೆ ಪಾಠಶಾಲೆ. ದಾರಿತಪ್ಪಿದವರಿಗೆ ಕೃಪಾ ಸದನ. ಇದು ದಾನಿಗಳನ್ನು ಮೆಚ್ಚಿಸುವ ಏರ್ಪಾಡೆಂದು ಯಾರೂ ತಿಳಿಯಬಾರದು. ಕೈಯನ್ನು ಕೆಸರು ಮಾಡಿಕೊಳ್ಳಲಾರದೆ ಸತ್ತ ಒಂದು ಕುಟುಂಬದಲ್ಲಿ ಉಳಿದವಳು ಕಟ್ಟಿದ ಊರು ಅದು. ಬಿಳಿ ನೂಲಿನ ಸೀರೆಯನ್ನುಟ್ಟು ಆಕೆಯು ಅವರ ನಡುವೆ ತಿರುಗಾಡಿದಳು. 1905ರಲ್ಲಿ ಅಲ್ಲಿ ದೊಡ್ಡ ಉಜ್ಜೀವನವುಂಟಾಗಿ ನೂರಾರು ಹುಡುಗಿಯರು ಅತ್ತು ಪಾಪಗಳನ್ನು ಅರಿಕೆಮಾಡಿದರೆಂದು ಎಲ್ಲರೂ ಬರೆಯುತ್ತಾರೆ. ಅನಂತರ ಆ ಹುಡುಗಿಯರು ಗುಂಪುಗುಂಪಾಗಿ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆಯನ್ನು ಒಯ್ದದ್ದು ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಮನೋರಮೆಯ ಸಹಾಯದಿಂದ ನಮ್ಮ ಕಲಬುರಗಿಯಲ್ಲಿಯೂ, ಆಗ ಗುಲಬರ್ಗಾ ಅನ್ನುತ್ತಿದ್ದರು, ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದಳು.

ಆಕೆಯ ಕಡೆಯ ದೊಡ್ಡ ಕೆಲಸವು ಸತ್ಯವೇದದ ಭಾಷಾಂತರ. ಅದನ್ನು ಹೇಳುವದಕ್ಕೆ ಮುಂಚೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೆಮಿನರಿಯಿಂದ ಬಂದ ಹೊಸದರಲ್ಲಿ ಖಾನಾಪುರದ ಕಡೆಯ ಒಂದು ಹಳ್ಳಿಯಲ್ಲಿ ಪುನರಾಗಮನ ಎಂಬ ವಿಷಯವಾಗಿ ಒಂದು ತಾಸು ಪ್ರಸಂಗ ಮಾಡಿದೆವು. ಮುಗಿದ ಮೇಲೆ ಚಾಪೆಗಳನ್ನು ಸುತ್ತುತ್ತಿದ್ದ ಒಬ್ಬ ಮುದುಕಿಯು, ಮನೆಯಲ್ಲಿ ಮರಾಠಿಯನ್ನಾಡುವವಳು, ಆ ಶಬ್ದಕ್ಕೆ ಅರ್ಥವೇನೆಂದು ಕೇಳಿದಳು. ಯೇಸು ತಿರುಗಿ ಬರುವದು ಅಂದೆವು. ಹಾಗಾದರೆ ಅದನ್ನೇ ಯಾಕೆ ಹೇಳಲಿಲ್ಲವೆಂದು ಕೇಳಿ ಆಕೆಯು ಇನ್ನೊಂದು ಚಾಪೆಗೆ ಕೈಹಾಕಿದಳು. ಉತ್ತರ ನಮ್ಮಲ್ಲಿ ಇರಲಿಲ್ಲ. ಕಲಿತ ಶಬ್ದವನ್ನು ಬಿಡುವದು ಎಷ್ಟು ಕಷ್ಟವೆಂಬದು ಕಲಿತವರಿಗೇ ಗೊತ್ತು.

ರಮಾಬಾಯಿಯು ಅದನ್ನು ಬಿಟ್ಟಳು. ಆಗ ಇದ್ದ ಮರಾಠಿ ಸತ್ಯವೇದದಲ್ಲಿ ಸಂಸ್ಕೃತದ ಘನ ಪದಗಳು ಹೆಚ್ಚಾಗಿ, ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸಿಗೆ ಅದು ತಿಳಿಯುವದಿಲ್ಲವೆಂದು ಆಕೆ ಮರುಗಿದಳು. ಐವತ್ತು ವರುಷದ ಹತ್ತಿರಕ್ಕೆ ಬಂದವಳು ಇಬ್ರಿಯ, ಗ್ರೀಕ್ ಭಾಷೆಗಳಿಗೆ ಕೈಹಾಕಿ, ಇಡೀ ಗ್ರಂಥವನ್ನು ತಾನೇ ತಿರುಗಿಸತೊಡಗಿದಳು. ಸರಸ್ವತಿ ಎಂಬ ಬಿರುದನ್ನು ಹೊತ್ತವಳು ಆ ಬಿರುದನ್ನು ತಂದುಕೊಟ್ಟ ಮಾತುಗಳನ್ನೇ ಒಂದೊಂದಾಗಿ ಪುಟದಿಂದ ತೆಗೆದು ಹಾಕಿ ಅಡಿಗೆಮನೆಯ ಮಾತನ್ನು ಹುಡುಕಿದಳು. ಸತ್ಯವನ್ನು ಹೇಳುವದಾದರೆ ಆ ಭಾಷಾಂತರವು ಮೂಲಕ್ಕೆ ಬಹಳವಾಗಿ ಅಂಟಿಕೊಂಡದ್ದರಿಂದ ಅನೇಕ ಕಡೆ ಕಿವಿಗೆ ಒರಟು. ಮರಾಠಿ ಸಭೆಗಳು ಬೈಬಲ್ ಸೊಸಾಯಿಟಿಯ ಗ್ರಂಥವನ್ನೇ ಓದುತ್ತಾ ಬಂದವು. ಹೆಸರು ತರುವ ಕೆಲಸವಾಗಿ ನೋಡಿದರೆ ಇದು ಸೋತ ಕೆಲಸ.

1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಆ ಹೊತ್ತಿಗೆ ಆಕೆಗೆ ಕಿವಿ ಕೇಳುತ್ತಿರಲಿಲ್ಲ, ಮೈಯಲ್ಲಿ ಬಲವೂ ಕುಂದಿತ್ತು. 1921ನೇ ಜುಲೈಯಲ್ಲಿ, ತನ್ನ ಕೆಲಸವನ್ನೆಲ್ಲಾ ಒಪ್ಪಿಸಬೇಕೆಂದಿದ್ದ ಒಬ್ಬಳೇ ಮಗಳು ಮನೋರಮಾ ತೀರಿಹೋದಳು. ತಾಯಿಯು ಮರಳಿ ಅಚ್ಚಿನ ಹಾಳೆಗಳ ಮುಂದೆ ಕುಳಿತಳು.

1922ರ ವಸಂತದಲ್ಲಿ, ಕಡೆಯ ಕರಡುಗಳನ್ನು ತಿದ್ದುವದಕ್ಕೆ ಇನ್ನು ಹತ್ತು ದಿನ ಬದುಕಗೊಡಬೇಕೆಂದು ಆಕೆಯು ಕರ್ತನನ್ನು ಬೇಡಿಕೊಂಡಳೆಂದು ಮುಕ್ತಿಯವರು ಹೇಳುತ್ತಾ ಬಂದಿದ್ದಾರೆ. ಏಪ್ರಿಲ್ 4ರ ರಾತ್ರಿ ಕಡೆಯ ಹಾಳೆಯನ್ನು ನೋಡಿ ಮುಗಿಸಿ ಮಲಗಿದಳು. 5ರ ಬೆಳಿಗ್ಗೆ ಏಳಲಿಲ್ಲ. ಹುಡುಗಿಯರು ಅಚ್ಚುಮೊಳೆಗಳನ್ನು ಜೋಡಿಸುವದನ್ನು ಬಿಡಲಿಲ್ಲ; ಪೂರ್ಣ ಗ್ರಂಥವು 1924ರಲ್ಲಿ ಮುಕ್ತಿಯ ಅಚ್ಚುಕೂಟದಿಂದ ಹೊರಬಿತ್ತು.