ಪವಿತ್ರ ಗ್ರಂಥದ ಸೇವಕ ಸಂತ ಜೆರೋಮ್

ವುಲ್ಗಾತ, ಸೆಪ್ತುವಜಿಂತ ಎಂಬ ಪದಗಳನ್ನು ನಾವು ಆಗಾಗ ಕೇಳುತ್ತೇವೆ. ಇವುಗಳ ಅರ್ಥ ಸಂತ ಜೆರೋಮರ ಜೀವನದಲ್ಲಿಯೇ ಅಡಗಿದೆ.

ಕ್ರಿ.ಶ. 347ರ ಸುಮಾರಿಗೆ ಸ್ತ್ರಿದೋನಿನಲ್ಲಿ ಜನಿಸಿದ ಇವರು ರೋಮಿನಲ್ಲಿ ವ್ಯಾಸಂಗ ಮಾಡಿ ಅಲ್ಲಿಯೇ ಜ್ಞಾನಸ್ನಾನ ಪಡೆದರು. ಸಿರಿಯಾದ ಮರುಭೂಮಿಯಲ್ಲಿ ತಪೋನಿರತರಾಗಿ, ಕ್ರೈಸ್ತನಾಗಿದ್ದ ಯೆಹೂದ್ಯನೊಬ್ಬನಿಂದ ಹೀಬ್ರೂ ಕಲಿತರು. 382ರಲ್ಲಿ ರೋಮಿಗೆ ಮರಳಿದಾಗ ಲತೀನ್ ಶುಭಸಂದೇಶಗಳ ಪ್ರತಿಗಳು ಒಂದರಂತೆ ಒಂದಿರಲಿಲ್ಲ. ಅವನ್ನು ಗ್ರೀಕ್ ಮೂಲದೊಡನೆ ಹೋಲಿಸಿ ತಿದ್ದುವ ಹೊಣೆಯನ್ನು ಜಗದ್ಗುರು ದಮಾಸುಸರು ಇವರಿಗೊಪ್ಪಿಸಿದರು.

384ರಲ್ಲಿ ಜಗದ್ಗುರುಗಳು ದೈವಾಧೀನರಾದರು. ನಿಂದೆಗೆ ಗುರಿಯಾದ ಜೆರೋಮರು ರೋಮನ್ನು ತೊರೆದು 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದರು. ಸಂತ ಪೌಲಾ ತಮ್ಮ ಸಂಪತ್ತನ್ನು ವ್ಯಯಿಸಿ ಅಲ್ಲಿ ಮಠಗಳನ್ನು ಕಟ್ಟಿಸಿದರು.

ಸೆಪ್ತುವಜಿಂತ ಎಂದರೆ ಎಪ್ಪತ್ತು. ಸುಮಾರು ಎಪ್ಪತ್ತು ಪಂಡಿತರಿಂದಾಯಿತೆಂದು ಸಂಪ್ರದಾಯ ಹೇಳುವ, ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದ. ಶ್ರೀಸಭೆಯಲ್ಲಿ ಅದಕ್ಕೆ ಅಪಾರ ಗೌರವವಿತ್ತು. ಜೆರೋಮರಾದರೋ ಹೀಬ್ರೂ ಮೂಲವನ್ನೇ ಆಶ್ರಯಿಸಿದರು. ಯೋನನಿಗೆ ನೆರಳಿತ್ತ ಸೋರೆಬಳ್ಳಿಗೆ ಬೇರೆ ಹೆಸರು ಬಂದುದಕ್ಕೇ ಆಫ್ರಿಕದ ಒಂದು ಸಭೆಯಲ್ಲಿ ಗದ್ದಲವೆದ್ದಿತು. ವಿಶ್ವಾಸಿಗಳಲ್ಲಿ ಒಡಕುಂಟಾದೀತೆಂದು ಸಂತ ಅಗಸ್ಟೀನರೂ ಕಳವಳದಿಂದ ಪತ್ರ ಬರೆದರು. ಆದರೂ ಜೆರೋಮರು ಹಿಂಜರಿಯಲಿಲ್ಲ. 405ರ ಸುಮಾರಿಗೆ ಕಾರ್ಯ ಮುಗಿಯಿತು. 420ರಲ್ಲಿ ಅವರು ಬೆತ್ಲೆಹೇಮಿನಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು.

ಬಹುಪಾಲು ಅವರ ಶ್ರಮದಿಂದಲೇ ರೂಪುಗೊಂಡ ಲತೀನ್ ಬೈಬಲಿಗೆ ಮುಂದೆ ವುಲ್ಗಾತ, ಅಂದರೆ ಸರ್ವರ ಬಳಕೆಯದು, ಎಂಬ ಹೆಸರಾಯಿತು. 1546ರಲ್ಲಿ ತ್ರೆಂತ್ ಮಹಾಸಭೆ ಅದನ್ನು ಅಧಿಕೃತವೆಂದು ಸಾರಿತು. ಅಂದು ಗದ್ದಲಕ್ಕೆ ಕಾರಣವಾದ ಪಾಠವೇ ಶತಮಾನಗಳ ಕಾಲ ಶ್ರೀಸಭೆಯ ವಾಣಿಯಾಯಿತು.

ಜನರು ತಿಳಿಯುವ ಭಾಷೆಯಲ್ಲಿ ದೇವರ ವಾಕ್ಯವನ್ನು ನೀಡಲು ಬಾಳು ಸವೆಸಿದ ಈ ಸಂತರನ್ನು, ಕನ್ನಡದಲ್ಲಿ ಅದೇ ವಾಕ್ಯವನ್ನು ಆಲಿಸುವ ನಾವು ಸೆಪ್ಟೆಂಬರ್ 30ರ ಅವರ ಹಬ್ಬದಂದು ಕೃತಜ್ಞತೆಯಿಂದ ಸ್ಮರಿಸೋಣ.