ಬೇಲೂರು ಗುಡಿಗಿಂತ ಮೂರು ವರ್ಷ ದೊಡ್ಡವರು

ಹೋದ ತಿಂಗಳು ನಾವು ಐದು ಜನ ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡು ನೋಡಿಕೊಂಡು ಬಂದ್ವಿ. ಬೇಲೂರಿಂದ ಹಳೇಬೀಡಿಗೆ 16 ಕಿ.ಮೀ. ಬಸ್ಸು ಅರ್ಧ ಗಂಟೆ ತಗೊಂಡ್ತು. ಅಂದ್ರೆ ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಆದ್ರೆ ಡ್ರೈವರ್ ಮುಂದಿದ್ದ ಮೀಟರಿನ ಮುಳ್ಳು 50ಕ್ಕೂ ಹತ್ತುತ್ತಿತ್ತು, ಸ್ಟಾಪ್ ಬಂದ್ರೆ ಸೊನ್ನೆಗೂ ಇಳೀತಿತ್ತು. ಹಾಗಾದ್ರೆ 'ಈ ಕ್ಷಣದ ವೇಗ' ಅಂದ್ರೆ ಏನು? ಕ್ಷಣದಲ್ಲಿ ಬಸ್ಸು ಎಷ್ಟು ದೂರ ಹೋಗುತ್ತೆ? ಪಿಯುಸಿಯಲ್ಲಿ ವಿ = ಯು + ಎ ಟಿ ಹಾಕಿ ನೂರಾರು ಲೆಕ್ಕ ಬಿಡಿಸಿದ್ದ ನಮ್ಮಲ್ಲಿ ಒಬ್ಬರಿಗೂ ಉತ್ತರ ಬರಲಿಲ್ಲ. ಸ್ವಲ್ಪ ನಾಚಿಕೆಯೇ ಆಯ್ತು.

ಆ ಗುಡಿಗಳು ಏಳುತ್ತಿದ್ದ ಕಾಲದಲ್ಲೇ ಒಬ್ಬರು ಈ ಪ್ರಶ್ನೆಯ ಹಿಂದೆ ಬಿದ್ದಿದ್ದರು. ಅವರೇ ಭಾಸ್ಕರಾಚಾರ್ಯರು.

ಹುಟ್ಟಿದ್ದು 1114ರಲ್ಲಿ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ 1117ರಲ್ಲಿ ಇವರು ಮೂರು ವರ್ಷದ ಮಗು. ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಅಂತ ಕೆಲವರು, ಅಲ್ಲ ಮಹಾರಾಷ್ಟ್ರದ್ದು ಅಂತ ಕೆಲವರು ಇನ್ನೂ ವಾದ ಮಾಡ್ತಾರೆ. ತಂದೆ ಮಹೇಶ್ವರರೇ ಗುರು. 1150ರಲ್ಲಿ, 36ನೇ ವಯಸ್ಸಿಗೆ, ಸಿದ್ಧಾಂತ ಶಿರೋಮಣಿ ಬರೆದು ಮುಗಿಸಿದರು. ಲೀಲಾವತಿ ಅದರದ್ದೇ ಒಂದು ಭಾಗ.

ಅವರಿಗೆ ತಲೆನೋವಾಗಿದ್ದು ಬಸ್ಸಲ್ಲ, ಚಂದ್ರ. ಚಂದ್ರ ಒಂದೇ ವೇಗದಲ್ಲಿ ಓಡಲ್ಲ. ನಾಳೆಯ ಸ್ಥಾನದಿಂದ ಇವತ್ತಿನ ಸ್ಥಾನ ಕಳೆದರೆ ಸಿಗೋದು ಇಡೀ ದಿನದ ಸರಾಸರಿ, ಅಂದ್ರೆ ಸ್ಥೂಲ ಗತಿ. ತಿಥಿ ಯಾವ ಗಳಿಗೆಗೆ ಮುಗಿಯುತ್ತೆ ಅಂತ ಹೇಳೋಕೆ ಅದು ಸಾಲಲ್ಲ. ಆ ಹೊತ್ತಿನ ವೇಗವೇ ಬೇಕು. ಅದಕ್ಕೆ ಅವರು ಕೊಟ್ಟ ಹೆಸರು ತಾತ್ಕಾಲಿಕ ಗತಿ. ಜ್ಯಾ ಬದಲಾಗೋದು ಕೋಟಿಜ್ಯಾಗೆ ತಕ್ಕಂತೆ ಅನ್ನೋದನ್ನ ಹಿಡಿದು ಅದನ್ನು ಲೆಕ್ಕ ಹಾಕಿದರು. ಸೈನ್ ಡಿಫರೆನ್ಶಿಯೇಟ್ ಮಾಡಿದ್ರೆ ಕಾಸ್ ಅಂತ ನಾವು ಬಾಯಿಪಾಠ ಮಾಡಿದ್ದೀವಲ್ಲ, ಅದೇ!

ಹಾಗಂತ ವಾಟ್ಸಾಪ್ ಫಾರ್ವರ್ಡ್ ಥರ ಪೂರ್ತಿ ಕ್ಯಾಲ್ಕುಲಸ್ ಅವರೇ ಬರೆದುಬಿಟ್ಟರು ಅಂತ ನಾವು ಹೇಳಲ್ಲ. ಅವರಿಗಿಂತ ಮುಂಚೆಯೇ ಮುಂಜಾಲ ಈ ದಾರಿಯಲ್ಲಿ ಹೆಜ್ಜೆ ಇಟ್ಟಿದ್ದರು. ಬೀಳೋ ವಸ್ತುವಿನ ವೇಗೋತ್ಕರ್ಷದ ನಿಯಮ ಸಿಕ್ಕಿದ್ದು 17ನೇ ಶತಮಾನದ ಗೆಲಿಲಿಯೋಗೆ. ಆದ್ರೆ ಸರಾಸರಿ ಬೇರೆ, ಕ್ಷಣ ಬೇರೆ ಅಂತ ಭಾಸ್ಕರರು ಸ್ಪಷ್ಟವಾಗಿ ಕಂಡಿದ್ದರು. ನಮಗೆ ಕಾಣದೇ ಇದ್ದದ್ದು ಅದೇ.

1183ರಲ್ಲಿ, 69ನೇ ವಯಸ್ಸಿನಲ್ಲೂ ಕರಣ ಕುತೂಹಲ ಬರೆದರು. ಅವರ ನಂತರ ಮೊಮ್ಮಗ ಚಂಗದೇವ ಅಜ್ಜನ ಪುಸ್ತಕಗಳನ್ನು ಓದಿಸೋಕೆ ಅಂತಲೇ ಮಠ ಕಟ್ಟಿಸಿದ.

ವಾಪಸ್ ಬರುವಾಗ ಅರಸೀಕೆರೆಯಲ್ಲಿ ರೈಲು ಹೊರಟ ಕೂಡಲೇ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದ್ವಿ. ಕಂಬದಿಂದ ಕಂಬಕ್ಕೆ ಮೊದಲು 20 ಸೆಕೆಂಡ್, ಆಮೇಲೆ 8, ಆಮೇಲೆ 6. ಸರಾಸರಿಗಳು ಚಿಕ್ಕದಾಗ್ತಾ ಆಗ್ತಾ ಕ್ಷಣದ ಹತ್ತಿರ ಹೋಗ್ತಿದ್ವು. ಲಿಮಿಟ್ ಅಂದ್ರೆ ಏನು ಅಂತ ನಮಗೆ ಅರ್ಥ ಆಗಿದ್ದು ಕ್ಲಾಸಿನಲ್ಲಲ್ಲ, ಆ ಕಿಟಕಿ ಪಕ್ಕದಲ್ಲಿ.